ಅಬಟ್ಸ್‌ಫೋರ್ಡಿನ ಸಾಲಗಾರ ಸರ್ ವಾಲ್ಟರ್ ಸ್ಕಾಟ್

ಪಡೆದ ಸಾಲವನ್ನು ವಾಯಿದೆಗೆ ಸರಿಯಾಗಿ ತೀರಿಸಲಾರದೆ ಹೋದ ವ್ಯಕ್ತಿಯೊಬ್ಬನ ಭಾವಚಿತ್ರವನ್ನು, ಆತನಿಂದ ಹಣ ಬರಬೇಕಾಗಿದ್ದ ಬ್ಯಾಂಕೇ ತನ್ನ ನೋಟಿನ ಮೇಲೆ ಗೌರವದಿಂದ ಮುದ್ರಿಸಿಕೊಂಡಿರುವ ಉದಾಹರಣೆ ಜಗತ್ತಿನಲ್ಲಿ ಹೆಚ್ಚು ಸಿಗಲಾರದು. ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಹೊರಡಿಸುವ ನೋಟುಗಳ ಮುಂಭಾಗದಲ್ಲಿ ಇಂದಿಗೂ ಕಾಣುವ ಮುಖ ಸರ್ ವಾಲ್ಟರ್ ಸ್ಕಾಟನದು. ನಮ್ಮ ಪೀಳಿಗೆಯ ಕಲಾ ಪದವೀಧರರಿಗೆ ಈತ ‘ಐವನ್‌ಹೋ’ ಕಾದಂಬರಿಯ ಕರ್ತೃವೆಂದಷ್ಟೇ ಪರಿಚಿತ. ಕಾಲೇಜು ಮುಗಿಸಿ ಬ್ಯಾಂಕು ಸೇರಿ, ಸಾಲದ ಕಡತಗಳ ನಡುವೆ ಅರ್ಧ ಆಯುಷ್ಯವನ್ನು ಕಳೆದ ಮೇಲೆ ನಮಗೆ ಸ್ಕಾಟನ ಕಾದಂಬರಿಗಳಿಗಿಂತ ಅವನ ಸಾಲದ ಖಾತೆಯೇ ಹೆಚ್ಚು ಆಸಕ್ತಿಯದಾಗಿ ತೋರಿದೆ. ಮುಂಬಯಿ, ಪುಣೆಯಂತಹ ಮಹಾನಗರಗಳಲ್ಲಿ ಇಪ್ಪತ್ತು ವರ್ಷದ ಕಂತಿಗೆ ಸಹಿ ಹಾಕಿ ಮನೆ ಮಾಡಿಕೊಂಡಿರುವ ನಮ್ಮ ಕನ್ನಡ ಕುಟುಂಬಗಳಿಗೂ ಈ ಕಥೆ ತೀರಾ ಹೊರಗಿನದೆನಿಸಲಾರದು.

ಸ್ಕಾಟನು ಹುಟ್ಟಿದ್ದು 1771ರ ಆಗಸ್ಟ್ 15ರಂದು, ಎಡಿನ್‌ಬರೋ ನಗರದಲ್ಲಿ. ತಂದೆ ವಕೀಲಿ ವೃತ್ತಿಯವರು. ಒಂದೂವರೆ ವರ್ಷದ ಮಗುವಾಗಿದ್ದಾಗಲೇ ಪೋಲಿಯೋ ತಗುಲಿ ಬಲಗಾಲು ಊನವಾಯಿತು. ಆದರೂ ಕುದುರೆ ಸವಾರಿ, ಬೆಟ್ಟಗುಡ್ಡಗಳ ಅಲೆದಾಟ, ಹಳ್ಳಿಗರ ಬಾಯಿಂದ ಲಾವಣಿಗಳ ಸಂಗ್ರಹ ಯಾವುದೂ ನಿಲ್ಲಲಿಲ್ಲ. 1792ರಲ್ಲಿ ನ್ಯಾಯವಾದಿಯಾದನು. 1797ರಲ್ಲಿ ಫ್ರೆಂಚ್ ಮೂಲದ ಷಾರ್ಲಟ್ ಎಂಬಾಕೆಯನ್ನು ವಿವಾಹವಾದನು. 1799ರಲ್ಲಿ ಸೆಲ್‌ಕರ್ಕ್ ಸೀಮೆಯ ಷೆರಿಫ್ ಹುದ್ದೆ, ಅನಂತರ ಉಚ್ಚ ನ್ಯಾಯಾಲಯದಲ್ಲಿ ಗುಮಾಸ್ತೆಯ ಹುದ್ದೆ ದೊರೆತವು. ಹೆಸರಿಗೆ ಗುಮಾಸ್ತೆಯಾದರೂ ಅದು ವರ್ಷಕ್ಕೆ 1,300 ಪೌಂಡು ತರುವ ಗೌರವಾನ್ವಿತ ಸ್ಥಾನ. ಷೆರಿಫ್ ಹುದ್ದೆಯ 300 ಪೌಂಡು ಬೇರೆ. ಕವಿಯಾಗಿ ಹೆಸರು ಮಾಡಿ, 1814ರಲ್ಲಿ ‘ವೇವರ್ಲಿ’ ಕಾದಂಬರಿಯನ್ನು ಹೆಸರಿಲ್ಲದೆ ಪ್ರಕಟಿಸಿದ ಮೇಲೆ ಹಣವು ಹೊಳೆಯಂತೆ ಹರಿದು ಬಂದಿತು. 1820ರಲ್ಲಿ ಬ್ಯಾರನೆಟ್ ಪದವಿಯೂ ಬಂದಿತು.

ಇಷ್ಟು ಆದಾಯವಿದ್ದವನಿಗೆ ಸಾಲವೇಕೆ ಎಂಬ ಪ್ರಶ್ನೆ ಸಹಜ. ಉತ್ತರ ಎರಡು ಕಡೆ ಇದೆ. 1811ರಲ್ಲಿ ಸ್ಕಾಟನು ಟ್ವೀಡ್ ನದಿಯ ದಡದಲ್ಲಿ ಒಂದು ಸಾಧಾರಣ ಹೊಲಮನೆಯನ್ನು ಕೊಂಡು ಅದಕ್ಕೆ ಅಬಟ್ಸ್‌ಫೋರ್ಡ್ ಎಂದು ಹೆಸರಿಟ್ಟನು. ಪಕ್ಕದ ಹೊಲ, ಅದರ ಪಕ್ಕದ ತೋಟ ಎಂದು ಕೊಳ್ಳುತ್ತಾ ಹೋದಂತೆ ಅದೊಂದು ಜಹಗೀರಾಯಿತು. ಗೋಪುರಗಳುಳ್ಳ ಕೋಟೆಯಂತಹ ಮಹಲು ಎದ್ದಿತು. ತಾನೊಂದು ಪ್ರತಿಷ್ಠಿತ ಮನೆತನದ ಮೂಲಪುರುಷನಾಗಬೇಕೆಂಬ ಹಂಬಲ ಅವನದು. ಇನ್ನೂ ಬರೆಯದ ಕಾದಂಬರಿಗೆ ಮುಂಗಡ ಪಡೆದು, ಆ ಮುಂಗಡದಿಂದ ಭೂಮಿ ಕೊಳ್ಳುವುದು ಅವನಿಗೆ ಅಭ್ಯಾಸವೇ ಆಯಿತು.

ಎರಡನೆಯದು ಗುಟ್ಟಿನ ವ್ಯಾಪಾರ. ಬಾಲ್ಯಸ್ನೇಹಿತ ಜೇಮ್ಸ್ ಬ್ಯಾಲಂಟೈನ್‌ನ ಮುದ್ರಣಾಲಯದಲ್ಲಿ 1805ರಿಂದಲೇ ಸ್ಕಾಟನು ಪಾಲುದಾರ. ನ್ಯಾಯಾಲಯದ ಅಧಿಕಾರಿಗೆ ವ್ಯಾಪಾರ ಶೋಭಿಸದೆಂದು ಇದನ್ನು ಲೋಕದಿಂದ ಮುಚ್ಚಿಟ್ಟಿದ್ದನು. 1809ರಲ್ಲಿ ಜೇಮ್ಸನ ತಮ್ಮ ಜಾನ್‌ನ ಹೆಸರಿನಲ್ಲಿ ಪ್ರಕಾಶನ ಸಂಸ್ಥೆಯೂ ಆರಂಭವಾಗಿ, 1813ರ ಹೊತ್ತಿಗೆ ಮುಳುಗುವ ಸ್ಥಿತಿಗೆ ಬಂದಿತು. ಆಗ ಪ್ರಕಾಶಕ ಆರ್ಚಿಬಾಲ್ಡ್ ಕಾನ್‌ಸ್ಟೇಬಲ್ ದಾಸ್ತಾನು ಕೊಂಡು, ಬಕ್‌ಲೂ ಡ್ಯೂಕನು 4,000 ಪೌಂಡಿಗೆ ಜಾಮೀನು ನಿಂತು ಕಾಪಾಡಿದರು. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ ಇದು ಮೊದಲ ಎಚ್ಚರಿಕೆಯ ಸೂಚನೆ. ಮರುವರ್ಷವೇ ‘ವೇವರ್ಲಿ’ಯ ಯಶಸ್ಸು ಬಂದು ಆ ಎಚ್ಚರಿಕೆಯನ್ನು ಮರೆಸಿಬಿಟ್ಟಿತು. ದುಡಿಮೆ ಏರುತ್ತಿರುವಾಗ ಸಾಲಗಾರನೂ ಲೆಕ್ಕ ನೋಡುವುದಿಲ್ಲ, ಸಾಲ ಕೊಟ್ಟವನೂ ಕೇಳುವುದಿಲ್ಲ. ಇದನ್ನು ನಾವು ನಮ್ಮ ಕಣ್ಣಾರೆ ಅದೆಷ್ಟೋ ಸಲ ಕಂಡಿದ್ದೇವೆ.

ಅಂದಿನ ವ್ಯಾಪಾರ ನಡೆಯುತ್ತಿದ್ದುದು ಹುಂಡಿಗಳ ಮೇಲೆ. ಬ್ಯಾಲಂಟೈನ್ ಸಂಸ್ಥೆಗೆ ಹಣ ಬೇಕಾದಾಗ ಕಾನ್‌ಸ್ಟೇಬಲ್ ಹುಂಡಿಗೆ ಸಹಿ ಹಾಕುತ್ತಿದ್ದನು. ಅದನ್ನು ಬ್ಯಾಂಕಿನಲ್ಲಿ ವಟಾಯಿಸಿ ಹಣ ಪಡೆಯಲಾಗುತ್ತಿತ್ತು. ಅದಕ್ಕೆ ಭದ್ರತೆಯಾಗಿ ಬ್ಯಾಲಂಟೈನ್ ಸಂಸ್ಥೆಯು ಕಾನ್‌ಸ್ಟೇಬಲ್‌ಗೆ ಅಷ್ಟೇ ಮೊತ್ತದ ಪ್ರತಿಹುಂಡಿಯನ್ನು ಬರೆದುಕೊಡುತ್ತಿತ್ತು. ಕಷ್ಟ ಬಂದಾಗ ಕಾನ್‌ಸ್ಟೇಬಲ್ ಆ ಪ್ರತಿಹುಂಡಿಗಳನ್ನೂ ವಟಾಯಿಸಿಬಿಟ್ಟನು. ಹೀಗೆ ಒಂದೇ ಹಣಕ್ಕೆ ಸ್ಕಾಟನು ಎರಡು ಸಲ ಹೊಣೆಯಾದನು. ಅಳಿಯ ಲಾಕ್‌ಹಾರ್ಟ್ ಬರೆದ ಪ್ರಸಿದ್ಧ ಜೀವನಚರಿತ್ರೆಯು ತಪ್ಪನ್ನು ಬಹುಮಟ್ಟಿಗೆ ಬ್ಯಾಲಂಟೈನ್ ಸೋದರರ ಮೇಲೆ ಹೊರಿಸುತ್ತದೆ. ಆ ಕುಟುಂಬದವರು ಅದನ್ನು ಕಟುವಾಗಿ ನಿರಾಕರಿಸಿದರು. ನಮಗಂತೂ ಅಬಟ್ಸ್‌ಫೋರ್ಡಿನ ಗೋಪುರಗಳೇ ದೊಡ್ಡ ಸಾಕ್ಷಿಯಾಗಿ ಕಾಣುತ್ತವೆ.

1825ರ ಕೊನೆಯಲ್ಲಿ ಲಂಡನ್ನಿನ ಹಣದ ಪೇಟೆ ಕುಸಿಯಿತು. ಸ್ಕಾಟನು ಅಬಟ್ಸ್‌ಫೋರ್ಡಿನ ಮೇಲೆ 10,000 ಪೌಂಡು ಅಡಮಾನ ಸಾಲ ಎತ್ತಿ ಸಂಸ್ಥೆಗಳನ್ನು ಉಳಿಸಲು ನೋಡಿದನು. ಅದು ಬತ್ತಿದ ಬಾವಿಗೆ ಸುರಿದ ನೀರಾಯಿತು. 1826ರ ಜನವರಿಯಲ್ಲಿ ಲಂಡನ್ನಿನ ಹರ್ಸ್ಟ್ ರಾಬಿನ್ಸನ್ ಬಿದ್ದಿತು; ಅದರೊಡನೆ ಕಾನ್‌ಸ್ಟೇಬಲ್, ಕಾನ್‌ಸ್ಟೇಬಲ್‌ನೊಡನೆ ಬ್ಯಾಲಂಟೈನ್. ಐವತ್ತನಾಲ್ಕರ ವಯಸ್ಸಿನಲ್ಲಿ ಸ್ಕಾಟನ ತಲೆಯ ಮೇಲೆ ಸುಮಾರು 1,20,000 ಪೌಂಡಿನ ಸಾಲ ಬಂದು ಕುಳಿತಿತು. ವರ್ಷಕ್ಕೆ 1,600 ಪೌಂಡು ಸಂಬಳದವನ ಮಟ್ಟಿಗೆ ಅದು ಎಪ್ಪತ್ತೈದು ವರ್ಷಗಳ ಇಡೀ ಸಂಬಳ.

ಅವನ ಮುಂದೆ ಸುಲಭವಾದ ದಾರಿಯಿತ್ತು. ದಿವಾಳಿ ಘೋಷಿಸಿದ್ದರೆ ಇದ್ದ ಆಸ್ತಿ ಹಂಚಿಹೋಗಿ, ಮುಂದೆ ಬರೆದು ಗಳಿಸಿದ್ದೆಲ್ಲ ಅವನದೇ ಆಗುತ್ತಿತ್ತು. ಉಳಿದಿಬ್ಬರು ಆ ದಾರಿಯನ್ನೇ ಹಿಡಿದರು. ಆಗ ಪೌಂಡಿಗೆ ಇಪ್ಪತ್ತು ಷಿಲಿಂಗ್. ಕಾನ್‌ಸ್ಟೇಬಲ್‌ನ ಸಾಲಿಗರಿಗೆ ಪೌಂಡಿಗೆ ಮೂರು ಷಿಲಿಂಗ್ ಕೂಡ ದಕ್ಕಲಿಲ್ಲ, ಹರ್ಸ್ಟ್ ರಾಬಿನ್ಸನ್ ಕಡೆಯವರಿಗೆ ಒಂದೂವರೆ ಷಿಲಿಂಗ್ ಕೂಡ ಸಿಗಲಿಲ್ಲ. ಸ್ಕಾಟನು ಪೂರ್ಣ ಇಪ್ಪತ್ತು ಷಿಲಿಂಗ್ ಕೊಡುವುದಾಗಿ ಒಪ್ಪಿ, ತನ್ನ ಆಸ್ತಿಯನ್ನೂ ಮುಂದಿನ ಬರವಣಿಗೆಯ ಆದಾಯವನ್ನೂ ಟ್ರಸ್ಟಿಗಳಿಗೆ ಬರೆದುಕೊಟ್ಟನು. ಸಾಲಿಗರು ಅವನ ಎರಡು ಹುದ್ದೆಗಳ ಸಂಬಳವನ್ನು ಜೀವನೋಪಾಯಕ್ಕೆ ಬಿಟ್ಟುಕೊಟ್ಟು, ಅಬಟ್ಸ್‌ಫೋರ್ಡಿನಲ್ಲಿ ವಾಸಮಾಡಲು ಅವಕಾಶವಿತ್ತರು. ಈ ಕರಾರಿನಲ್ಲಿ ಮಾಸಿಕ ಕಂತೆಂಬುದಿರಲಿಲ್ಲ. ಕೈ ಎಷ್ಟು ಬರೆಯುತ್ತದೆಯೋ ಅಷ್ಟೇ ಮರುಪಾವತಿ. ಅಂದರೆ ಇಡೀ ವ್ಯವಸ್ಥೆ ನಿಂತದ್ದು ಒಬ್ಬ ಮನುಷ್ಯನ ಆರೋಗ್ಯ, ಮನಸ್ಸು, ಆಯುಷ್ಯ ಎಂಬ ಮೂರು ಅನಿಶ್ಚಿತಗಳ ಮೇಲೆ.

ಸ್ಕಾಟನನ್ನು ಸಂತನನ್ನಾಗಿ ಮಾಡುವ ಅಗತ್ಯವಿಲ್ಲ. ಕುಸಿತಕ್ಕೆ ಸುಮಾರು ಒಂದು ವರ್ಷ ಮೊದಲು, 1825ರ ಫೆಬ್ರವರಿಯಲ್ಲಿ ಹಿರಿಯ ಮಗ ವಾಲ್ಟರನ ಮದುವೆಯಾದಾಗ, ಅಬಟ್ಸ್‌ಫೋರ್ಡನ್ನು ವಿವಾಹ ಒಪ್ಪಂದದ ಮೂಲಕ ಮಗನ ಹೆಸರಿಗೆ ಬರೆದು, ತಾನು ಬದುಕಿರುವವರೆಗೆ ಅನುಭವಿಸುವ ಹಕ್ಕನ್ನು ಮಾತ್ರ ಇಟ್ಟುಕೊಂಡಿದ್ದನು. ಇದರಿಂದಾಗಿ ಸಾಲಿಗರು ಮನೆಯನ್ನು ಮುಟ್ಟುವಂತಿರಲಿಲ್ಲ. ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಈ ದಸ್ತಾವೇಜನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬೇಕೆಂದು ಪಟ್ಟುಹಿಡಿಯಿತು. ಅದರ ಜಾಗದಲ್ಲಿ ನಾವಿದ್ದರೂ ಅದನ್ನೇ ಕೇಳುತ್ತಿದ್ದೆವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಹಾಗೆ ಮಾಡಿದರೆ ದಿವಾಳಿಯನ್ನೇ ಘೋಷಿಸುವೆನೆಂಬ ಮನಸ್ಸು ಸ್ಕಾಟನಿಗಿತ್ತು. ಬರೆಯುವ ಕೈಯನ್ನು ಕಳೆದುಕೊಳ್ಳುವುದಕ್ಕಿಂತ ಮನೆಯನ್ನು ಬಿಡುವುದು ಲಾಭವೆಂದು ಸಾಲಿಗರು ಕಂಡುಕೊಂಡರು. ಬ್ಯಾಂಕು ಹಿಂದೆ ಸರಿಯಿತು.

ವಿಚಿತ್ರವೆಂದರೆ, ಇದೇ ತಿಂಗಳುಗಳಲ್ಲಿ ಈ ಸಾಲಗಾರನು ಬ್ಯಾಂಕುಗಳ ಪರವಾಗಿ ಲೇಖನಿ ಹಿಡಿದನು. ಐದು ಪೌಂಡಿಗಿಂತ ಕಡಿಮೆ ಬೆಲೆಯ ನೋಟುಗಳನ್ನು ಖಾಸಗಿ ಬ್ಯಾಂಕುಗಳು ಹೊರಡಿಸದಂತೆ ಲಂಡನ್ ಸರ್ಕಾರವು ನಿಷೇಧಿಸಹೊರಟಿತ್ತು. ನಾಣ್ಯದ ಕೊರತೆಯಿದ್ದ ಸ್ಕಾಟ್ಲೆಂಡಿನ ವ್ಯವಹಾರವೆಲ್ಲ ಒಂದು ಪೌಂಡಿನ ನೋಟಿನ ಮೇಲೆ ನಿಂತಿತ್ತು. ಮಲಾಕಿ ಮಲಗ್ರೌದರ್ ಎಂಬ ಕಲ್ಪಿತ ಹೆಸರಿನಲ್ಲಿ ಸ್ಕಾಟನು ಬರೆದ ಪತ್ರಗಳು ಎಬ್ಬಿಸಿದ ಅಲೆಯಿಂದ ಸರ್ಕಾರವು ಸ್ಕಾಟ್ಲೆಂಡಿನ ಮಟ್ಟಿಗೆ ಯೋಜನೆಯನ್ನು ಕೈಬಿಟ್ಟಿತು. ಇಂದಿನ ನೋಟಿನ ಮೇಲೆ ಅವನ ಚಿತ್ರವಿರುವುದು ಈ ಉಪಕಾರದ ನೆನಪಿಗಾಗಿ.

ಕರಾರಿಗೆ ಸಹಿ ಬಿದ್ದ ಮೇಲೆ ಬದುಕು ಅದೇ ಸ್ಥಿತಿಯಲ್ಲಿ ನಿಲ್ಲಲಿಲ್ಲ. ಮಾರ್ಚ್‌ನಲ್ಲಿ ಎಡಿನ್‌ಬರೋದ ಕ್ಯಾಸಲ್ ಬೀದಿಯ ಮನೆಯನ್ನು ಬಿಡಬೇಕಾಯಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಸಂಸಾರ ಮಾಡಿದ ಮನೆಯದು. ಅಬಟ್ಸ್‌ಫೋರ್ಡಿನಲ್ಲಿ ಗಾಡಿ ಹೊಡೆಯುತ್ತಿದ್ದ ಪೀಟರನು ನೇಗಿಲು ಹಿಡಿದನು. ಷಾರ್ಲಟ್‌ಳ ಕಾಯಿಲೆ ಉಲ್ಬಣಿಸುತ್ತಿತ್ತು. ಮೇ 11ರಂದು ನ್ಯಾಯಾಲಯದ ಕೆಲಸಕ್ಕಾಗಿ ಸ್ಕಾಟನು ಎಡಿನ್‌ಬರೋಗೆ ಹೊರಡಲೇಬೇಕಾಯಿತು. ಪತ್ನಿ ನಿದ್ರಿಸುತ್ತಿದ್ದುದರಿಂದ ಹೇಳಿಹೋಗಲೂ ಆಗಲಿಲ್ಲ. ಬಿಟ್ಟರೆ ಸಂಬಳ ಹೋಗುತ್ತದೆ, ಆ ಸಂಬಳವೊಂದೇ ಈಗ ಸಂಸಾರಕ್ಕೆ ಆಧಾರ. ಮೇ 15ರಂದು ಆಕೆ ತೀರಿಕೊಂಡಳು. ಅವನು ಬಾಡಿಗೆಯ ಕೋಣೆಯಲ್ಲಿದ್ದನು. ಹಿಂದಿನ ನವೆಂಬರಿನಲ್ಲಿ ಆರಂಭಿಸಿದ ದಿನಚರಿಯನ್ನು ಓದಿದವರಿಗೆ, ಪತ್ನಿಯ ಉತ್ತರಕ್ರಿಯೆ ಮುಗಿದ ಕೆಲವೇ ದಿನಗಳಲ್ಲಿ ಆತ ಮತ್ತೆ ಮೇಜಿನ ಮುಂದೆ ಕುಳಿತನೆಂಬುದು ತಿಳಿಯುತ್ತದೆ. ಇದನ್ನು ಧೈರ್ಯವೆನ್ನಬೇಕೋ ನಿರುಪಾಯವೆನ್ನಬೇಕೋ ನಮಗೆ ತೋಚದು.

ಆ ಮೇಜಿನಿಂದ ಹಣ ಬರತೊಡಗಿತು. ‘ವುಡ್‌ಸ್ಟಾಕ್’ ಕಾದಂಬರಿ 8,000 ಪೌಂಡಿಗೂ ಮಿಕ್ಕಿ ತಂದಿತು. ಒಂಬತ್ತು ಸಂಪುಟಗಳ ನೆಪೋಲಿಯನ್ ಜೀವನಚರಿತ್ರೆ 1827ರ ಜೂನ್‌ನಲ್ಲಿ ಹೊರಬಂದು, ಮೊದಲೆರಡು ಮುದ್ರಣಗಳಿಂದಲೇ 18,000 ಪೌಂಡು ಗಳಿಸಿತು. ಈ ಎರಡು ಕೃತಿಗಳೂ ತಮಗೆ ಸೇರಬೇಕೆಂದು ಕಾನ್‌ಸ್ಟೇಬಲ್‌ನ ಸಾಲಿಗರು ತಕರಾರು ಹೂಡಿದರು. ಮಧ್ಯಸ್ಥಿಕೆಯ ತೀರ್ಪು ಸ್ಕಾಟನ ಪರವಾಯಿತು. ಅಷ್ಟರಲ್ಲಿ ಇನ್ನೊಂದು ಸಂಕಟ. ಲಂಡನ್ನಿನ ಅಬುಡ್ ಎಂಬ ಹುಂಡಿ ವ್ಯಾಪಾರಿ ಸಂಸ್ಥೆ ಕರಾರಿಗೆ ಸೇರಲೊಪ್ಪದೆ, ತನ್ನ ಸುಮಾರು 2,000 ಪೌಂಡು ಕೂಡಲೇ ಬೇಕೆಂದು, ಇಲ್ಲವಾದರೆ ಸೆರೆಗೆ ಹಾಕಿಸುವುದಾಗಿ ಬೆದರಿಸಿತು. ಸಾಲಗಾರರನ್ನು ಬಂಧಿಸಲಾಗದ ಆಶ್ರಯಸ್ಥಾನವೆಂದು ಹೋಲಿರೂಡ್ ಅರಮನೆಯ ಆವರಣಕ್ಕೆ ಹೋಗಿ ಇರಲು 1827ರ ಶರತ್ಕಾಲದಲ್ಲಿ ಸ್ಕಾಟನು ಸಿದ್ಧನಾದನು. ಬ್ಯಾರನೆಟ್ ಪದವಿಯ, ಯುರೋಪಿನಲ್ಲೆಲ್ಲ ಹೆಸರಾದ ಲೇಖಕನಿಗೆ ಬಂದ ಸ್ಥಿತಿಯಿದು. ಇದ್ದಕ್ಕಿದ್ದಂತೆ ಆ ಸಂಸ್ಥೆ ಸುಮ್ಮನಾಯಿತು. ಕಾರಣ ಅವನಿಗೆ ತಿಳಿದದ್ದು ಬಹಳ ತಡವಾಗಿ. ಸಾಲಿಗರ ಸಭೆಯ ಅಧ್ಯಕ್ಷನೂ ಬ್ಯಾಂಕರನೂ ಆಗಿದ್ದ ಸರ್ ವಿಲಿಯಂ ಫೋರ್ಬ್ಸ್, ತನ್ನ ಸ್ವಂತ ಹಣದಿಂದ ಅಬುಡ್ ಸಂಸ್ಥೆಯ ಬಾಕಿಯನ್ನು ತೀರಿಸಿ, ಆ ಮೊತ್ತಕ್ಕೆ ತಾನೂ ಎಲ್ಲರಂತೆ ಒಬ್ಬ ಸಾಲಿಗನಾಗಿ ಪಟ್ಟಿಯಲ್ಲಿ ಸೇರಿಕೊಂಡಿದ್ದನು. 1828ರಲ್ಲಿ ಫೋರ್ಬ್ಸ್ ತೀರಿಕೊಂಡ ಮೇಲಷ್ಟೇ ಈ ಸಂಗತಿ ಸ್ಕಾಟನಿಗೆ ತಿಳಿಯಿತು. ಯೌವನದಲ್ಲಿ ಸ್ಕಾಟನು ಮನಸಾರೆ ಪ್ರೀತಿಸಿ ಕಳೆದುಕೊಂಡ ವಿಲಿಯಮಿನಾ ಎಂಬ ಕನ್ಯೆಯನ್ನು 1797ರಲ್ಲಿ ಮದುವೆಯಾದವನು ಇದೇ ಫೋರ್ಬ್ಸ್.

ಇಲ್ಲಿ ನಮ್ಮ ನಾಡಿಗೆ ಸಂಬಂಧಿಸಿದ ಒಂದು ಸ್ವಾರಸ್ಯವಿದೆ. ಸಾಲ ತೀರಿಸಲೆಂದು ಅದೇ ವರ್ಷ ಬರೆದ ‘ಕ್ಯಾನನ್‌ಗೇಟ್ ವೃತ್ತಾಂತ’ಗಳಲ್ಲಿ ‘ಶಸ್ತ್ರವೈದ್ಯನ ಮಗಳು’ ಎಂಬ ಕಥೆಯೊಂದಿದೆ. ಸ್ಕಾಟ್ಲೆಂಡಿನ ಹಳ್ಳಿಯಲ್ಲಿ ಆರಂಭವಾಗುವ ಈ ಕಥೆ ಮದರಾಸಿಗೆ, ಅಲ್ಲಿಂದ ಮೈಸೂರು ಸೀಮೆಗೆ ಬರುತ್ತದೆ. ಮೋಸಗಾರ ಪ್ರಿಯಕರನೊಬ್ಬ ನಾಯಕಿಯನ್ನು ಟೀಪುವಿಗೆ ಒಪ್ಪಿಸಲು ಬೆಂಗಳೂರಿಗೆ ಕರೆತರುತ್ತಾನೆ. ಫಕೀರನ ವೇಷದಲ್ಲಿದ್ದ ಹೈದರಾಲಿ ತನ್ನ ನಿಜರೂಪ ತೋರಿ ನ್ಯಾಯ ನೀಡುತ್ತಾನೆ. ಮೋಸಗಾರನು ಆನೆಯ ಕಾಲಿಗೆ ಸಿಕ್ಕಿ ಸಾಯುತ್ತಾನೆ. ಸ್ಕಾಟನು ಭಾರತವನ್ನು ಕಂಡವನಲ್ಲ. ಇಲ್ಲಿ ಸೇವೆ ಸಲ್ಲಿಸಿದ್ದ ನೆರೆಯ ಕರ್ನಲ್ ಫರ್ಗುಸನ್‌ನಿಂದ ವಿವರ ಪಡೆದು ಬರೆದನು. ಕನ್ನಡಿಗನಿಗೆ ಅದರ ಬೆಂಗಳೂರು ಗುರುತು ಸಿಗುವುದು ಕಷ್ಟ. ಕಂತು ಕಟ್ಟಲು ಬರೆದ ಕಥೆಯ ಅವಸರವೂ ಅದರಲ್ಲಿ ಕಾಣುತ್ತದೆ. ಆದರೂ ಎಡಿನ್‌ಬರೋದ ಸಾಲಿಗರ ಖಾತೆಗೆ ನಮ್ಮ ಹೈದರಾಲಿಯೂ ತನ್ನ ಪಾಲು ಸಂದಾಯ ಮಾಡಿದನೆಂದು ನೆನೆದಾಗ ನಗು ಬರುತ್ತದೆ.

1827ರ ಡಿಸೆಂಬರಿನಲ್ಲಿ ಮೊದಲ ಪಾಲು ಹಂಚಲಾಯಿತು: ಪೌಂಡಿಗೆ ಆರು ಷಿಲಿಂಗ್. ಎರಡು ವರ್ಷದೊಳಗೆ ನೂರಕ್ಕೆ ಮೂವತ್ತರಷ್ಟು! ಅದೇ ತಿಂಗಳು ಹಳೆಯ ಕಾದಂಬರಿಗಳ ಹಕ್ಕುಸ್ವಾಮ್ಯ ಹರಾಜಿಗೆ ಬಂದಾಗ, ಟ್ರಸ್ಟಿಗಳೂ ಕಾನ್‌ಸ್ಟೇಬಲ್‌ನ ಹಿಂದಿನ ಪಾಲುದಾರ ರಾಬರ್ಟ್ ಕ್ಯಾಡೆಲ್‌ನೂ ಸೇರಿ 8,500 ಪೌಂಡಿಗೆ ಕೊಂಡರು. ಕೈಗೆ ಬಂದ ಹಣವನ್ನು ಬಾಕಿಗೆ ಜಮಾ ಮಾಡುವ ಬದಲು ಅದರಲ್ಲಿ ಒಂದಂಶವನ್ನು ಮತ್ತೆ ಸಾಲಗಾರನ ಉದ್ಯಮದಲ್ಲಿ ತೊಡಗಿಸುವುದು ಯಾವ ಕಾಲದ ಬ್ಯಾಂಕಿಗೂ ಸುಲಭದ ನಿರ್ಧಾರವಲ್ಲ. ಇದೇ ಕೊನೆಗೆ ಎಲ್ಲರನ್ನೂ ಉಳಿಸಿದ್ದು. 1829ರ ಜೂನ್‌ನಿಂದ ತಿಂಗಳಿಗೊಂದರಂತೆ ಐದು ಷಿಲಿಂಗ್ ಬೆಲೆಯ ಸಂಪುಟಗಳಾಗಿ, ಸ್ಕಾಟನೇ ಬರೆದ ಹೊಸ ಮುನ್ನುಡಿ ಟಿಪ್ಪಣಿಗಳೊಡನೆ ಆ ಕಾದಂಬರಿಗಳು ಹೊರಬಂದವು. ಮಧ್ಯಮ ವರ್ಗದ ಮನೆಗಳು ಮುಗಿಬಿದ್ದು ಕೊಂಡವು. ಮಾರಾಟ ತಿಂಗಳಿಗೆ 35,000 ಪ್ರತಿಗಳವರೆಗೆ ಏರಿತು.

ಆದರೆ ಕೈ ಸೋಲತೊಡಗಿತ್ತು. 1830ರ ಫೆಬ್ರವರಿ 15ರಂದು ಮೊದಲ ಪಾರ್ಶ್ವವಾಯು ಬಡಿಯಿತು. ವೈದ್ಯರು ಬರೆಯಬೇಡವೆಂದರು, ಅವನು ಬರೆದನು. ನವೆಂಬರಿನಲ್ಲಿ ನ್ಯಾಯಾಲಯದ ಹುದ್ದೆಯಿಂದ ನಿವೃತ್ತನಾದಾಗ 1,300 ಪೌಂಡಿನ ಸಂಬಳ 800 ಪೌಂಡಿನ ನಿವೃತ್ತಿವೇತನಕ್ಕೆ ಇಳಿಯಿತು. ಕಡಿಮೆಯಾದುದನ್ನು ವಿಶೇಷ ಪಿಂಚಣಿಯಿಂದ ತುಂಬಿಕೊಡಲು ಸರ್ಕಾರ ಮುಂದೆ ಬಂದಿತು. ಅದನ್ನು ಪಡೆಯಲು ಸ್ಕಾಟನಿಗೆ ಮನಸ್ಸಿರಲಿಲ್ಲ. ಆದರೆ ಸಾಲದಲ್ಲಿರುವವನಿಗೆ ಬಂದ ಆದಾಯವನ್ನು ಬೇಡವೆನ್ನುವ ಸ್ವಾತಂತ್ರ್ಯವುಂಟೆ? ಅವನು ಸಾಲಿಗರನ್ನೇ ಕೇಳಿದನು. ನಿಮ್ಮ ಮನಸ್ಸಿಗೆ ಬಂದಂತೆ ಮಾಡಿರೆಂದು ಅವರು ಬಿಟ್ಟರು; ಅವನು ನಿರಾಕರಿಸಿದನು. ಡಿಸೆಂಬರ್ 17ರಂದು ಪೌಂಡಿಗೆ ಮೂರು ಷಿಲಿಂಗ್‌ನ ಎರಡನೆಯ ಪಾಲನ್ನು ಪಡೆದ ಸಾಲಿಗರು, ಅಬಟ್ಸ್‌ಫೋರ್ಡಿನ ಗ್ರಂಥಭಂಡಾರ, ಪೀಠೋಪಕರಣ, ಬೆಳ್ಳಿ, ಚಿತ್ರಗಳು ಎಲ್ಲವನ್ನೂ ಸ್ಕಾಟನಿಗೆ ಕಾಣಿಕೆಯಾಗಿ ಮರಳಿಸಲು ಸಭೆಯಲ್ಲಿ ನಿರ್ಣಯಿಸಿದರು. ಅಡವಿಟ್ಟ ಪುಸ್ತಕಗಳನ್ನು ಸಾಲ ಮುಗಿಯುವ ಮೊದಲೇ ಹಿಂದಕ್ಕೆ ಕೊಟ್ಟ ಆ ಸಭೆಯಲ್ಲಿ ನಮ್ಮ ವೃತ್ತಿಯವರು ಹಲವರಿದ್ದರೆಂಬುದು ನಮಗೆ ಸಂತೋಷದ ಸಂಗತಿ.

1831ರ ಏಪ್ರಿಲ್‌ನಲ್ಲಿ ಮತ್ತೆ ಪಾರ್ಶ್ವವಾಯು. ಕೊನೆಯ ಎರಡು ಕಾದಂಬರಿಗಳಲ್ಲಿ ಬಳಲಿದ ಬುದ್ಧಿಯ ಗುರುತು ಸ್ಪಷ್ಟವಾಗಿದೆ. ಅವು ಬಾರದಿದ್ದರೆ ಅವನ ಕೀರ್ತಿಗೆ ನಷ್ಟವಿರಲಿಲ್ಲ, ದೇಹಕ್ಕೆ ಲಾಭವಿತ್ತು. ಸಾಲಿಗರಲ್ಲಿ ಯಾರೂ ಆ ಹೊತ್ತಿಗೆ ಅವನನ್ನು ಅವಸರಪಡಿಸುತ್ತಿರಲಿಲ್ಲ. ಅವಸರವಿದ್ದುದು ಅವನಿಗೇ. ಅಕ್ಟೋಬರಿನಲ್ಲಿ ಸರ್ಕಾರವು ಒದಗಿಸಿದ ಬಾರ್‌ಹ್ಯಾಮ್ ಎಂಬ ಯುದ್ಧನೌಕೆಯಲ್ಲಿ ಮಾಲ್ಟಾ, ನೇಪಲ್ಸ್‌ಗಳಿಗೆ ಹೋದನು. ಅಲ್ಲಿದ್ದಾಗ ತನ್ನ ಸಾಲವೆಲ್ಲ ತೀರಿತೆಂಬ ಭ್ರಮೆ ಅವನನ್ನು ಆವರಿಸಿತು. ಸಂಗಡ ಇದ್ದವರು ಅದನ್ನು ತಿದ್ದಲಿಲ್ಲ. ಆ ಡಿಸೆಂಬರಿನಲ್ಲಿ ಮುದ್ದಿನ ಮೊಮ್ಮಗ ಜಾನ್ ಊರಿನಲ್ಲಿ ತೀರಿಕೊಂಡನು; ‘ಅಜ್ಜನ ಕಥೆಗಳು’ ಎಂಬ ಜನಪ್ರಿಯ ಗ್ರಂಥಮಾಲೆಯನ್ನು ಸ್ಕಾಟನು ಬರೆದದ್ದು ಆ ಹುಡುಗನಿಗಾಗಿ. 1832ರ ಜುಲೈಯಲ್ಲಿ ಅರೆಪ್ರಜ್ಞೆಯ ಸ್ಥಿತಿಯಲ್ಲಿ ಅಬಟ್ಸ್‌ಫೋರ್ಡಿಗೆ ಮರಳಿ, ಸೆಪ್ಟೆಂಬರ್ 21ರಂದು ಅಲ್ಲಿಯೇ ಕಣ್ಣುಮುಚ್ಚಿದನು. ಡ್ರೈಬರೋ ಮಠದ ಆವರಣದಲ್ಲಿ ಪತ್ನಿಯ ಪಕ್ಕದಲ್ಲಿ ಅವನ ಸಮಾಧಿಯಾಯಿತು.

ಸಾಯುವಾಗ ಉಳಿದಿದ್ದ ಅಸಲು ಸುಮಾರು 54,000 ಪೌಂಡು. ಜೀವವಿಮೆಯಿಂದ 22,000 ಬಂದಿತು. ಟ್ರಸ್ಟಿಗಳ ಕೈಯಲ್ಲಿ 2,000 ಇತ್ತು. ಉಳಿದ 30,000 ಪೌಂಡನ್ನು ಕ್ಯಾಡೆಲ್ ಹಕ್ಕುಸ್ವಾಮ್ಯದ ಭದ್ರತೆಯ ಮೇಲೆ ಮುಂಗಡವಾಗಿ ಕೊಟ್ಟನು. 1833ರಲ್ಲಿ ಸಾಲಿಗರಿಗೆಲ್ಲ ಅಸಲು ಸಂದಾಯವಾಯಿತು. ಕುಟುಂಬಕ್ಕೆ ಉಳಿದದ್ದು ಕ್ಯಾಡೆಲ್‌ನ ಬಾಕಿ ಮತ್ತು ಮನೆಯ ಮೇಲಿನ ಹಳೆಯ ಅಡಮಾನ.

ಯಾವ ಮಗನ ಹೆಸರಿಗೆ ಬರೆದುದರಿಂದ ಅಬಟ್ಸ್‌ಫೋರ್ಡ್ ಉಳಿಯಿತೋ ಆ ಎರಡನೆಯ ಸರ್ ವಾಲ್ಟರ್ ಸೈನ್ಯಾಧಿಕಾರಿ. 15ನೆಯ ಹುಸ್ಸಾರ್ಸ್ ಅಶ್ವದಳದ ಲೆಫ್ಟಿನೆಂಟ್ ಕರ್ನಲ್ ಆಗಿ ಅವನು ಇದ್ದದ್ದು ನಮ್ಮ ಬೆಂಗಳೂರಿನ ದಂಡಿನಲ್ಲಿ. ತಂದೆ ಕಲ್ಪನೆಯಲ್ಲಿ ಕಂಡ ಊರನ್ನು ಮಗ ಕಣ್ಣಾರೆ ಕಂಡನು. 1846ರಲ್ಲಿ ಅಲ್ಲಿಯೇ ಜ್ವರ ಬಂದು ಯಕೃತ್ತಿನ ಕಾಯಿಲೆಗೆ ತಿರುಗಿತು. ವೈದ್ಯರ ಸಲಹೆಯಂತೆ ಮದರಾಸಿನಿಂದ ಹಡಗು ಹತ್ತಿದವನು 1847ರ ಫೆಬ್ರವರಿ 8ರಂದು ಗುಡ್‌ಹೋಪ್ ಭೂಶಿರದ ಬಳಿ ಸಮುದ್ರದಲ್ಲಿಯೇ ತೀರಿಕೊಂಡನು. ಮಕ್ಕಳಿರಲಿಲ್ಲ; ಬ್ಯಾರನೆಟ್ ಪದವಿ ಅವನೊಡನೆ ಮುಗಿಯಿತು. ಮನೆ ಮೊಮ್ಮಗನಾದ ಲಾಕ್‌ಹಾರ್ಟ್‌ನ ಮಗನಿಗೆ ಹೋಯಿತು. ಅದೇ ವರ್ಷ, ಉಳಿದ ಹಕ್ಕುಸ್ವಾಮ್ಯವನ್ನೆಲ್ಲ ಬರೆಸಿಕೊಂಡು ಕ್ಯಾಡೆಲ್ ತನ್ನ ಬಾಕಿಯನ್ನು ವಜಾ ಮಾಡಿ, ಅಬಟ್ಸ್‌ಫೋರ್ಡಿನ ಮೇಲಿದ್ದ ಅಡಮಾನವನ್ನೂ ಬಿಡಿಸಿಕೊಟ್ಟನು.